ಪ್ರತಿಕೃತಿ ಸೈನಿಕ ಕೋವಿಗಳು: ಹೆಗ್ಗಡದೇವನಕೋಟೆ ಸೀಮೆಯ ಹಿನ್ನೆಲೆಯಲ್ಲಿ

ಸೈನ್ಯ ಬಳಸಿದ, ಬಳಸುತ್ತಿರುವ ಕೋವಿಯ ಆಕಾರ, ಅಳತೆ, ತೂಕ ಮತ್ತು ಮೈಬಣ್ಣಗಳನ್ನು ಹೋಲುವಂತೆ ಕಟ್ಟಿದ, ಗುಂಡು ಹಾರಿಸಲಾಗದ ಮಾದರಿಗೆ ಪ್ರತಿಕೃತಿ ಕೋವಿ ಎಂದು ಹೆಸರು. ಸಿನಿಮಾ, ನಾಟಕ, ಕವಾಯತು, ವಸ್ತುಸಂಗ್ರಹಾಲಯಗಳ ಅಗತ್ಯಕ್ಕೆ ಹುಟ್ಟಿದ ಈ ಕೆಲಸ ಎರಡನೆಯ ಮಹಾಯುದ್ಧದ ಬಳಿಕ ಯೂರೋಪ್, ಅಮೆರಿಕ, ಜಪಾನ್‌ಗಳಲ್ಲಿ ಸಂಗ್ರಾಹಕರ ಹವ್ಯಾಸವಾಗಿ ಬೆಳೆಯಿತು. ಅದರಲ್ಲೂ ಸ್ನೈಪರ್ ರೈಫಲ್‌ಗಳಿಗೆ, ಅಂದರೆ ದೂರದರ್ಶಕ ಕೂರಿಸಿಕೊಂಡು ಬಹುದೂರದ ಒಂದೇ ಗುರಿಗೆ ಹೊಡೆಯಲು ಆಯ್ದ ಬಂದೂಕುಗಳಿಗೆ, ಬೇಡಿಕೆ ಹೆಚ್ಚು. ಅಸಲಿಗಳು ಕಡಿಮೆ, ಬೆಲೆ ವಿಪರೀತ. ಮೇಲಾಗಿ ಅವುಗಳಲ್ಲಿ ಮರದ ಕೆಲಸಕ್ಕೆ ಉಳಿದ ಕೋವಿಗಳಿಗಿಂತ ಹೆಚ್ಚು ಅವಕಾಶವುಂಟು. ಮೈಸೂರು ಜಿಲ್ಲೆಯ ಪಡುವಣ ತಾಲ್ಲೂಕುಗಳಾದ ಹೆಗ್ಗಡದೇವನಕೋಟೆ, ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರಗಳಿಗೆ ನಿಜವಾದ ಕೋವಿಯ ಬಳಕೆ ಹಳೆಯದು, ಒಳ್ಳೆಯ ಮರದ ಬಳಕೆಯೂ ಹಳೆಯದು. ಪ್ರತಿಕೃತಿಯ ವಿಚಾರವನ್ನು ಇಲ್ಲಿ ಈ ಎರಡರಿಂದ ಬಿಡಿಸಿ ನೋಡಲು ಬರುವುದಿಲ್ಲ.

ಸೀಮೆಯ ಕೋವಿಗಳು: ಕೊಡಗಿಗೂ ಮೈಸೂರಿಗೂ ನಡುವಿನ ಈ ನೆಲದಲ್ಲಿ ಸೈನ್ಯಗಳು ಹಲವು ಬಾರಿ ಹಾದುಹೋಗಿವೆ. 1791ರ ಮೂರನೆಯ ಮೈಸೂರು ಯುದ್ಧದಲ್ಲಿ ಜನರಲ್ ಅಬರ್‌ಕ್ರಾಂಬಿಯ ಮುಂಬಯಿ ಸೇನೆ ಕೊಡಗಿನ ಘಟ್ಟ ಹತ್ತಿ ಪಿರಿಯಾಪಟ್ಟಣದವರೆಗೆ ಬಂದು ಹಿಂದಿರುಗಿತು. 1799ರ ಮಾರ್ಚ್ 6ರಂದು ಗಡಿಯ ಸಿದ್ದೇಶ್ವರದಲ್ಲಿ ಟಿಪ್ಪುವಿನ ಪಡೆಗೂ ಜನರಲ್ ಸ್ಟುವರ್ಟನ ಪಡೆಗೂ ಕಾಳಗ ನಡೆದು, ಟಿಪ್ಪು ಪಿರಿಯಾಪಟ್ಟಣಕ್ಕೆ ಹಿಂದೆ ಸರಿದ. ಎರಡು ತಿಂಗಳಲ್ಲಿ ಶ್ರೀರಂಗಪಟ್ಟಣ ಬಿದ್ದಾಗ ಕೋಟೆಯಲ್ಲಿ 929 ಫಿರಂಗಿಗಳೂ ರಾಶಿಗಟ್ಟಲೆ ಬಂದೂಕುಗಳೂ ಸಿಕ್ಕವು. ಟಿಪ್ಪುವಿನ ಕಾರ್ಖಾನೆಗಳ ಚಕಮಕಿ ಕೋವಿಗಳನ್ನು ಹುಲಿಮುಖ, ಹುಲಿಪಟ್ಟೆ, ಪಾರಸಿ ಬರಹಗಳಿಂದ ಗುರುತಿಸಬಹುದು. ಅಂದು ಹಂಚಿಹೋದವುಗಳಲ್ಲಿ ಒಳ್ಳೆಯವು ಇಂಗ್ಲೆಂಡಿನ ಮನೆಗಳನ್ನು ಸೇರಿದವು. 2015ರ ಏಪ್ರಿಲ್‌ನಲ್ಲಿ ಲಂಡನ್ನಿನ ಬಾನ್‌ಹ್ಯಾಮ್ಸ್ ಸಂಸ್ಥೆ ಹರಾಜು ಹಾಕಿದ ಟಿಪ್ಪು ಕಾಲದ ವಸ್ತುಗಳ ಒಂದು ಸಂಗ್ರಹ ಸುಮಾರು 60 ಲಕ್ಷ ಪೌಂಡಿಗೆ ಹೋಯಿತು. ಅಸಲಿಗೆ ಇಷ್ಟು ಬೆಲೆ ಬಂದ ಮೇಲೆ ನಕಲಿಗೂ ಮಾರುಕಟ್ಟೆ ಹುಟ್ಟದೆ ಇರುವುದಿಲ್ಲ. ಹಳೆಯದೆಂದು ನಂಬಿಸಿ ಮಾರುವ ಹೊಸ ಮಾಲು ಅಲಂಕಾರದ ಆಯುಧಗಳ ವ್ಯಾಪಾರದಲ್ಲಿ ನಿತ್ಯದ ತಲೆನೋವು.

ಹುಣಸೂರಿಗೆ ಸೈನ್ಯದ ನಂಟು ಬೇರೆ ದಾರಿಯಿಂದ ಬಂತು. ಫಿರಂಗಿ ಎಳೆಯುವ ಅಮೃತಮಹಲ್ ಎತ್ತುಗಳ ಠಾಣ್ಯ ಇಲ್ಲಿತ್ತು. 19ನೆಯ ಶತಮಾನದಲ್ಲಿ ಕಂಪನಿ ಸರಕಾರದ ಚರ್ಮ ಹದ ಮಾಡುವ ಕಾರ್ಖಾನೆ, ಕಂಬಳಿ ಕಾರ್ಖಾನೆ, ಮರದ ಅಡ್ಡೆಗಳೂ ನಡೆದವು. ಸಿಪಾಯಿಗಳ ಬೂಟು, ಬೆನ್ನುಚೀಲ, ತೋಟಾ ಚೀಲಗಳು ಇಲ್ಲಿಂದ ಹೋಗುತ್ತಿದ್ದವು. ಇಂದಿಗೂ ಹುಣಸೂರೆಂದರೆ ಮರದ ವ್ಯಾಪಾರಿಗಳಿಗೆ ಥಟ್ಟನೆ ನೆನಪಾಗುವುದು ಅಲ್ಲಿನ ಸಾಮಿಲ್ಲುಗಳು ಮತ್ತು ಟಿಂಬರ್ ಡಿಪೋ.

ಹಳ್ಳಿಗಳ ಕೋವಿ ಸೈನ್ಯದ ಕೋವಿಗಳಿಗಿಂತ ಬಡವ. ಬಾಯಿಂದ ಮದ್ದು ತುಂಬಿ, ಚರೆ ಇಳಿಸಿ, ಗಜದಿಂದ ಜಡಿದು, ಕೇಪು ಇಟ್ಟು ಹೊಡೆಯುವ ಒಂಟಿನಳಿಗೆಯ ನಾಡಕೋವಿ, ಅನುಕೂಲಸ್ಥರ ಮನೆಯಲ್ಲಿ ಜೋಡುನಳಿಗೆಯ ತೋಟೆಕೋವಿ. ನಾಗರಹೊಳೆ, ಕಾಕನಕೋಟೆ ಕಾಡಂಚಿನ ಜೋಳ, ರಾಗಿ, ಗೆಣಸಿನ ಹೊಲಗಳಿಗೆ ಹಂದಿ ನುಗ್ಗುವುದು ಹೊಸತಲ್ಲ. ಬೆಳೆ ಕಾಯಲು ಬಾಯಿಮದ್ದಿನ ಕೋವಿಗೆ ಪರವಾನಗಿ ಕೊಡುವ ಮಾತು 1959ರ ಆಯುಧ ಕಾಯ್ದೆಯಲ್ಲೇ ಇದೆ. ಚುನಾವಣೆ ಬಂತೆಂದರೆ ಪರವಾನಗಿದಾರರು ಕೋವಿಯನ್ನು ಗೋಣಿಯಲ್ಲಿ ಸುತ್ತಿಕೊಂಡು ಹೋಗಿ ಠಾಣೆಯಲ್ಲಿ ಠೇವಣಿ ಇಡಬೇಕು. ಎಣಿಕೆ ಮುಗಿದು ತಿಂಗಳಾದ ಮೇಲೆ ತುಕ್ಕು ಹಿಡಿದ ನಳಿಗೆ ಮನೆಗೆ ಬರುತ್ತದೆ ಎಂಬ ಗೊಣಗಾಟವೂ ಹಳೆಯದೇ. ಆಯುಧಪೂಜೆಯ ದಿನ ಮಚ್ಚು, ಕುಡುಗೋಲು, ಟ್ರ್ಯಾಕ್ಟರಿನ ಜೊತೆಗೆ ಅದಕ್ಕೂ ಅರಿಸಿನ ಕುಂಕುಮ.

ಪಕ್ಕದ ಕೊಡಗಿನ ಸ್ಥಿತಿಯೇ ಬೇರೆ. 1861ರಲ್ಲಿ ಕಮಿಷನರ್ ಮಾರ್ಕ್ ಕಬ್ಬನ್ ಕೊಡವರಿಗೆ ಆಯುಧ ಕಸಿಯುವ ಕಾನೂನಿನಿಂದ ವಿನಾಯಿತಿ ಕೊಟ್ಟ. ಕೊಡವರಿಗೂ ಜಮ್ಮಾ ಎಂಬ ವಂಶಪಾರಂಪರ್ಯ ಜಮೀನಿನ ಹಿಡುವಳಿದಾರರಿಗೂ ಸ್ವಾತಂತ್ರ್ಯಾನಂತರವೂ ಮುಂದುವರಿದ ಈ ವಿನಾಯಿತಿಯನ್ನು ಕೇಂದ್ರ ಸರಕಾರ 2019ರಲ್ಲಿ ಮತ್ತೆ ಹತ್ತು ವರ್ಷ, 2029ರ ಅಕ್ಟೋಬರ್‌ವರೆಗೆ ವಿಸ್ತರಿಸಿತು; 2021ರಲ್ಲಿ ಕರ್ನಾಟಕ ಹೈಕೋರ್ಟ್ ಅದನ್ನು ಎತ್ತಿಹಿಡಿಯಿತು. ಗಂಡುಮಗು ಹುಟ್ಟಿದರೆ ಒಂದು ಈಡು, ಸಾವಾದರೆ ಎರಡು ಈಡು ಹಾರಿಸುವ, ಕೈಲ್‌ಪೊಳ್ದು ಹಬ್ಬದಲ್ಲಿ ಕೋವಿಗೆ ತೋಕ್‌ಪೂ ಎಂಬ ಹೂ ಸಿಕ್ಕಿಸಿ ಪೂಜಿಸುವ ಮನೆತನಗಳಿಗೆ ಪ್ರತಿಕೃತಿ ಕೋವಿ ಬೇಕಾಗಿಯೇ ಇಲ್ಲ. ಅಲ್ಲಿ ಪ್ರತಿಕೃತಿಯಾಗಿರುವುದು ಕತ್ತಿ: ಬೆಳ್ಳಿ ಕಟ್ಟಿನ ಪೀಚೆಕತ್ತಿಯ ಸಣ್ಣ ಮಾದರಿಗಳು ಮಡಿಕೇರಿಯ ಅಂಗಡಿಗಳಲ್ಲಿ ಉಡುಗೊರೆಯ ವಸ್ತು. ಗಡಿಯಿಂದ ಈಚೆ, ಪಿರಿಯಾಪಟ್ಟಣದ ಸಾಮಾನ್ಯ ರೈತನಿಗೆ ಈ ಯಾವ ವಿನಾಯಿತಿಯೂ ಇಲ್ಲ. ಕೆಲವೇ ಮೈಲಿಗಳ ಅಂತರದಲ್ಲಿ ಒಂದೇ ವಸ್ತು ಒಂದೆಡೆ ಮನೆದೇವರ ಮುಂದಿನ ಸ್ವತ್ತು, ಇನ್ನೊಂದೆಡೆ ದಫ್ತರದ ನಂಬರು.

ಬೇಟೆಯ ಕಾಲ ಮುಗಿದದ್ದೂ ಇಲ್ಲಿ ಹೇಳಬೇಕಾದ ವಿಷಯ. ಕಬಿನಿ ದಂಡೆಯ ಕಾರಾಪುರದಲ್ಲಿ ಮೈಸೂರು ಅರಸರ ಬೇಟೆ ಬಂಗಲೆಯಿತ್ತು. ಆನೆ ಹಿಡಿಯುವ ಕಾಕನಕೋಟೆಯ ಖೆಡ್ಡಾ ನೋಡಲು ದೇಶವಿದೇಶದ ಅತಿಥಿಗಳು ಬರುತ್ತಿದ್ದರು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದ ಮೇಲೆ ಬೇಟೆಗಾರಿಕೆ ಅಪರಾಧವಾಯಿತು. ಒಂದು ಕಾಲದ ಬೇಟೆಗಾರ ಕರ್ನಲ್ ಜಾನ್ ವೇಕ್‌ಫೀಲ್ಡ್ ಅದೇ ಕಾರಾಪುರದ ಕಬಿನಿ ರಿವರ್ ಲಾಡ್ಜ್‌ನಲ್ಲಿ ಪ್ರಾಣಿ ತೋರಿಸುವ ಹಿರಿಯರಾಗಿ 2010ರಲ್ಲಿ ತೀರಿಕೊಂಡರು. ಹುಲಿ, ಚಿರತೆಗಳ ಚರ್ಮಕ್ಕೆ ಮೈ ತುಂಬಿ ಜಗತ್ತಿಗೇ ಕಳಿಸುತ್ತಿದ್ದ ಮೈಸೂರಿನ ವ್ಯಾನ್ ಇಂಗೆನ್ ಕಾರ್ಖಾನೆ ಕಳೆದ ಶತಮಾನದ ಕೊನೆಗೆ ಬಾಗಿಲು ಮುಚ್ಚಿತು. ಕೋವಿ ಹಿಡಿಯಲು ಇದ್ದ ಅಂತಸ್ತಿನ ಕಾರಣ ಹೋಯಿತು, ಗೋಡೆಯ ಮೇಲೆ ತೂಗುಹಾಕುವ ಆಸೆ ಉಳಿಯಿತು.

ಸ್ನೈಪರ್ ರೈಫಲ್ ಮತ್ತು ಅದರ ಪ್ರತಿಕೃತಿ: ನಮ್ಮ ಜನಕ್ಕೆ ಅತ್ಯಂತ ಪರಿಚಿತ ಸೈನಿಕ ಕೋವಿಯೆಂದರೆ ಪೊಲೀಸರ ಹೆಗಲ ಮೇಲೆ ದಶಕಗಳ ಕಾಲ ಕಂಡ ‘ತ್ರೀ ನಾಟ್ ತ್ರೀ’. ಆ ಲೀ-ಎನ್‌ಫೀಲ್ಡ್ ವಂಶದಲ್ಲೇ ಪ್ರತಿಕೃತಿಕಾರರು ಹೆಚ್ಚು ಬೆನ್ನುಹತ್ತುವ ಸ್ನೈಪರ್ ಇದೆ: ಎರಡನೆಯ ಮಹಾಯುದ್ಧದ ‘ನಂಬರ್ 4 ಮಾರ್ಕ್ 1 (ಟಿ)’. ಕಾರ್ಖಾನೆಯಲ್ಲಿ ಗುರಿ ಪರೀಕ್ಷೆಯಲ್ಲಿ ಮೇಲುಗೈ ಸಾಧಿಸಿದ ಸಾಮಾನ್ಯ ಬಂದೂಕುಗಳನ್ನು ಆರಿಸಿ, ಲಂಡನ್ನಿನ ಹಾಲೆಂಡ್ ಅಂಡ್ ಹಾಲೆಂಡ್ ಸಂಸ್ಥೆಗೆ ಕಳಿಸಲಾಗುತ್ತಿತ್ತು. ಸಿರಿವಂತರ ಬೇಟೆಕೋವಿ ಮಾಡುತ್ತಿದ್ದ ಆ ಸಂಸ್ಥೆ ಇಂಥ 20 ಸಾವಿರಕ್ಕೂ ಹೆಚ್ಚು ಬಂದೂಕುಗಳಿಗೆ ದೂರದರ್ಶಕದ ಮೆಟ್ಟುಗಳನ್ನು ಕೂರಿಸಿ, ಹಿಡಿಯ ಮೇಲೆ ಕೆನ್ನೆ ಒರಗಿಸುವ ಮರದ ತುಂಡನ್ನು ತಿರುಪಿನಿಂದ ಬಿಗಿದು ಕೊಟ್ಟಿತು. ಮೇಲೆ ಕೂರುವ ‘ನಂಬರ್ 32’ ದೂರದರ್ಶಕ ಮೊದಲು ಬ್ರೆನ್ ಮೆಷಿನ್‌ಗನ್ನಿಗೆಂದು ಮಾಡಿದ್ದು. ವಸ್ತುವನ್ನು ಮೂರು ಪಟ್ಟು ಹತ್ತಿರ ತೋರಿಸುತ್ತಿತ್ತು. ಬರಿ ಬಂದೂಕು ಸುಮಾರು 4 ಕೆ.ಜಿ.; ದೂರದರ್ಶಕ ಸೇರಿದರೆ 5 ದಾಟುತ್ತದೆ.

ಈ ಬಂದೂಕಿನ ಮೇಲಿನ ಸಣ್ಣ ಗುರುತುಗಳೇ ಸಂಗ್ರಾಹಕರ ಪುರಾಣ. ಆಯ್ಕೆಯಾದದ್ದಕ್ಕೆ ‘ಟಿಆರ್’ ಮುದ್ರೆ, ಹಾಲೆಂಡ್ ಸಂಸ್ಥೆಯ ಕೈಹಾದದ್ದಕ್ಕೆ ಹಿಡಿಯ ತಳದಲ್ಲಿ ‘ಎಸ್51’ ಎಂಬ ಅಂಕಿತ. ಯಾವ ದೂರದರ್ಶಕ ಯಾವ ಬಂದೂಕಿನದೋ ಅದರ ಸಂಖ್ಯೆಯನ್ನು ಹಿಡಿಯ ಕುತ್ತಿಗೆಯ ಮೇಲೆ ಕೊರೆದಿರುತ್ತಿದ್ದರು, ಜೋಡಿ ತಪ್ಪಬಾರದೆಂದು. ಸಿಪಾಯಿಯ ತೋಳಿನ ಉದ್ದಕ್ಕೆ ತಕ್ಕಂತೆ ಹಿಡಿಗಳೂ ಬೇರೆಬೇರೆ ಅಳತೆಯವು. ಗಿಡ್ಡದ್ದಕ್ಕೆ ‘ಎಸ್’, ಉದ್ದದ್ದಕ್ಕೆ ‘ಎಲ್’ ಎಂಬ ಅಕ್ಷರ. ಇವನ್ನೆಲ್ಲ ಪ್ರತಿಕೃತಿಯಲ್ಲೂ ಒತ್ತುವವರಿದ್ದಾರೆ. ಆದರೆ ಒಳ್ಳೆಯ ಕೈಗಾರ ತನ್ನ ಹೆಸರು, ಕಟ್ಟಿದ ವರ್ಷ ಎರಡನ್ನೂ ಕೆನ್ನೆಪಟ್ಟಿಯ ಒಳಬದಿಯಲ್ಲಿ ಕೊರೆದು ಮುಚ್ಚುತ್ತಾನೆ. ಅಷ್ಟು ಮಾಡದ ಪ್ರತಿಕೃತಿ ಮೂರನೆಯ ಕೈಗೆ ದಾಟುವ ಹೊತ್ತಿಗೆ ಅಸಲಿಯೆಂದು ಹರಾಜಿಗೆ ಬಂದೀತು. ಹವ್ಯಾಸದೊಳಗಿನ ಜಗಳಗಳಲ್ಲಿ ಬಹುಪಾಲು ಇದರ ಸುತ್ತಲೇ.

ಸೋವಿಯತ್ ಮೋಸಿನ್-ನಾಗಾಂಟ್‌ನ ಪಿಯು ದೂರದರ್ಶಕದ ಮಾದರಿ, ಜರ್ಮನಿಯ ಕೆ98ಕೆ, ಅಮೆರಿಕದ ಎಂ1903ಎ4 ಇವು ಉಳಿದ ಜನಪ್ರಿಯ ಮಾದರಿಗಳು. ಭಾರತೀಯ ಸೇನೆ ಬಹುಕಾಲ ನೆಚ್ಚಿಕೊಂಡದ್ದು ಸೋವಿಯತ್ ವಿನ್ಯಾಸದ ದ್ರಾಗುನೋವ್. ಹೆಬ್ಬೆರಳು ತೂರುವ ರಂಧ್ರವುಳ್ಳ ಅದರ ಟೊಳ್ಳು ಹಿಡಿಯನ್ನು ಪದರಮರದಿಂದ ಕಡೆಯುವುದು ನುರಿತ ಬಡಗಿಗೂ ಸವಾಲು. 2019ರಲ್ಲಿ ಗಡಿರೇಖೆಯ ಕೆಲವು ತುಕಡಿಗಳಿಗೆ ಅಮೆರಿಕದ ಬ್ಯಾರೆಟ್, ಇಟಲಿಯ ಬೆರೆಟ್ಟಾ ಬಂದವು. ಅದರ ಹಿಂದೆಯೇ ಬೆಂಗಳೂರಿನ ಎಸ್‌ಎಸ್‌ಎಸ್ ಡಿಫೆನ್ಸ್ ಎಂಬ ಖಾಸಗಿ ಸಂಸ್ಥೆ ‘ವೈಪರ್’, ‘ಸೇಬರ್’ ಎಂಬ ಎರಡು ಸ್ನೈಪರ್ ರೈಫಲ್‌ಗಳನ್ನು ಇಲ್ಲೇ ವಿನ್ಯಾಸಮಾಡಿ ಮುಂದಿಟ್ಟಿತು. ಸ್ಪ್ರಿಂಗ್ ತಯಾರಿಕೆಗೆ ಹೆಸರಾದ ಸ್ಟಂಪ್, ಶೂಲೆ ಅಂಡ್ ಸೋಮಪ್ಪ ಬಳಗದ ಸಂಸ್ಥೆಯಿದು. ಹೊಸ ಬಂದೂಕುಗಳ ಮೈ ಅಲ್ಯುಮಿನಿಯಂ ಮತ್ತು ಪಾಲಿಮರ್. ಮರಗೆಲಸದ ಹುಚ್ಚಿನವರಿಗೆ ಅವುಗಳಲ್ಲಿ ಮಾಡಲು ಹೆಚ್ಚೇನಿಲ್ಲ.

ಹೊರದೇಶಗಳ ನಿಯಮಗಳು ಒಂದೊಂದು ಬಗೆ. ಸ್ಪೇನಿನ ಮೆನೋರ್ಕಾ ದ್ವೀಪದ ಡೆನಿಕ್ಸ್ ಕಂಪನಿ ಸತುವಿನ ಮಿಶ್ರಲೋಹದಲ್ಲಿ ಎರಕ ಹೊಯ್ದ ಗುಂಡುಹಾರದ ಕೋವಿಗಳನ್ನು ಜಗತ್ತಿಗೆಲ್ಲ ಮಾರುತ್ತದೆ. ಜಪಾನ್ 1971ರಲ್ಲಿ ಲೋಹದ ಮಾದರಿ ಪಿಸ್ತೂಲುಗಳಿಗೆ ಬಿಳಿ ಅಥವಾ ಹಳದಿ ಬಣ್ಣ ಬಳಿದು ನಳಿಗೆ ಮುಚ್ಚಬೇಕೆಂದು ವಿಧಿಸಿತು. ಅಲ್ಲಿನ ಕಾರ್ಖಾನೆಗಳು ಪ್ಲಾಸ್ಟಿಕ್ಕಿಗೆ ತಿರುಗಿದವು. ಅಮೆರಿಕದಲ್ಲಿ 1989ರಿಂದ ಆಟಿಕೆ ಕೋವಿಗಳ ಬಾಯಿಗೆ ಕಿತ್ತಳೆ ಬಣ್ಣದ ತುದಿ ಕಡ್ಡಾಯ. ಬ್ರಿಟನ್ 2006ರ ಕಾಯ್ದೆಯ ಮೂಲಕ ಅಸಲಿಯಂತೆ ಕಾಣುವ ನಕಲಿಗಳ ಮಾರಾಟವನ್ನೇ ನಿರ್ಬಂಧಿಸಿ, ಸಿನಿಮಾ, ನಾಟಕ, ವಸ್ತುಸಂಗ್ರಹಾಲಯ, ಇತಿಹಾಸ ಮರುಪ್ರದರ್ಶನಗಳಿಗೆ ರಿಯಾಯಿತಿ ಇಟ್ಟಿತು.

ಕಾನೂನು: ಅಮೆರಿಕದ ಹವ್ಯಾಸಿ ಹಳೆಯ ಸೈನಿಕ ಬಂದೂಕಿನ ಬಿಡಿಭಾಗಗಳನ್ನು ಕೊಂಡು, ಅವಕ್ಕೆ ಹೊಸ ಮರ ಕೂರಿಸಿ ಸ್ನೈಪರ್ ಮಾದರಿ ಕಟ್ಟುತ್ತಾನೆ. ನಮ್ಮಲ್ಲಿ ಅದು ನಡೆಯುವುದಿಲ್ಲ. ಆಯುಧ ಕಾಯ್ದೆಯ 2ನೆಯ ಕಲಮಿನ ಪ್ರಕಾರ ಆಯುಧದ ಭಾಗವೂ ಆಯುಧವೇ. ಗುಜರಿಯಲ್ಲಿ ಸಿಕ್ಕ ಹಳೆಯ ನಳಿಗೆ, ಕುದುರೆ, ಬೋಲ್ಟು ಇವುಗಳಲ್ಲಿ ಯಾವುದನ್ನು ಪರವಾನಗಿಯಿಲ್ಲದೆ ಇಟ್ಟುಕೊಂಡರೂ ಕೇಸು. ಸೈನ್ಯ ಬಳಸುವ .303, 7.62 ಮಿ.ಮೀ. ಮುಂತಾದವು ನಾಗರಿಕರಿಗೆ ನಿಷಿದ್ಧ ಬೋರುಗಳು. ಆದ್ದರಿಂದಲೇ ಇಛಾಪುರದ ಸರಕಾರಿ ರೈಫಲ್ ಕಾರ್ಖಾನೆ ಲೀ-ಎನ್‌ಫೀಲ್ಡ್ ಬಗೆಯ ಮೈಗೆ ಬೇರೆ ತೋಟಾ ಹೊಂದಿಸಿ .315 ಸ್ಪೋರ್ಟಿಂಗ್ ರೈಫಲ್ ಎಂದು ಪರವಾನಗಿದಾರರಿಗೆ ಮಾರಿತು. ತೋಟದ ಮಾಲೀಕರ ಮನೆಯಲ್ಲಿ ‘ತ್ರೀ ಒನ್ ಫೈವ್’ ಎಂದು ಕರೆಸಿಕೊಳ್ಳುವ ಇದನ್ನು ಸೈನಿಕ ಬಂದೂಕಿನ ಸರಕಾರವೇ ಮಾಡಿದ ನಾಗರಿಕ ಪ್ರತಿಕೃತಿ ಎನ್ನಲು ಅಡ್ಡಿಯಿಲ್ಲ. ಒಂದೇ ವ್ಯತ್ಯಾಸ, ಇದು ಹಾರುತ್ತದೆ.

6ನೆಯ ಕಲಮು ಅನುಕರಣೆ ಕೋವಿಯನ್ನು ನೇರವಾಗಿ ಹೆಸರಿಸುತ್ತದೆ. ಗುಂಡು ಹಾರಲಿ, ಹಾರದಿರಲಿ, ನೋಡಲು ಕೋವಿಯಂತಿದ್ದರೆ ಅದು ಅನುಕರಣೆ ಕೋವಿ. ಅದನ್ನು ಪರವಾನಗಿಯಿಲ್ಲದೆ ನಿಜವಾದ ಕೋವಿಯಾಗಿ ಮಾರ್ಪಡಿಸುವುದು ಅಪರಾಧ. 2019ರ ತಿದ್ದುಪಡಿಯ ನಂತರ ಇದಕ್ಕೆ ಕನಿಷ್ಠ 7 ವರ್ಷ, ಗರಿಷ್ಠ ಜೀವಾವಧಿ ಶಿಕ್ಷೆ. ಅದೇ ತಿದ್ದುಪಡಿ ಒಬ್ಬ ವ್ಯಕ್ತಿಯ ಪರವಾನಗಿ ಕೋವಿಗಳನ್ನು ಮೂರರಿಂದ ಎರಡಕ್ಕೆ ಇಳಿಸಿತು. ಪಿತ್ರಾರ್ಜಿತವೂ ಆ ಲೆಕ್ಕದೊಳಗೇ. ತಾತನ ಕಾಲದ ಮೂರನೆಯ ಕೋವಿಯ ಬಗ್ಗೆ ಆಗ ಅನೇಕ ಮನೆಗಳಲ್ಲಿ ಚರ್ಚೆಯಾಯಿತು. 45ನೆಯ ಕಲಮಿನಲ್ಲಿ ಒಂದು ಕಿಂಡಿಯಿದೆ: ಬಳಕೆ ತಪ್ಪಿದ, ಪುರಾತನ ಮೌಲ್ಯದ ಅಥವಾ ಕೆಟ್ಟುಹೋದ, ರಿಪೇರಿ ಮಾಡಿದರೂ ಹಾರಿಸಲಾಗದ ಆಯುಧಕ್ಕೆ ಕಾಯ್ದೆ ಅನ್ವಯಿಸುವುದಿಲ್ಲ. ‘ರಿಪೇರಿ ಮಾಡಿದರೂ’ ಎಂಬುದರ ಮೇಲೆ ಎಲ್ಲವೂ ನಿಂತಿದೆ. ಅಟ್ಟದ ಮೇಲಿನ ತುಕ್ಕು ಕೋವಿಯನ್ನು ಅಲಂಕಾರಕ್ಕೆಂದು ಇಳಿಸುವವರು ಮೊದಲು ಠಾಣೆಗೆ ತಿಳಿಸುವುದೇ ಕ್ಷೇಮ.

ಹೀಗಾಗಿ ಇಲ್ಲಿ ಪ್ರತಿಕೃತಿ ಕಟ್ಟುವವನಿಗೆ ಇರುವುದು ಒಂದೇ ದಾರಿ: ನಿಜಕೋವಿಯ ಒಂದು ಮೊಳೆಯನ್ನೂ ಮುಟ್ಟದೆ ಎಲ್ಲವನ್ನೂ ಹೊಸದಾಗಿ, ಗಟ್ಟಿ ಸಲಾಕೆಯ ನಳಿಗೆಯೊಂದಿಗೆ, ಮರ ಮತ್ತು ಮೆದು ಲೋಹದಲ್ಲಿ ಮಾಡುವುದು. ಕಾನೂನಿನ ಈ ಬಿಗಿಯಿಂದ ಹವ್ಯಾಸ ಬಡವಾಗಿದೆ ಎಂದು ಹೇಳುವುದು ರೂಢಿ, ನನಗೆ ಹಾಗನ್ನಿಸುವುದಿಲ್ಲ. ಕೊಂಡ ಭಾಗಗಳನ್ನು ಜೋಡಿಸುವವನಿಗಿಂತ ಪ್ರತಿಯೊಂದನ್ನೂ ಕಡೆದು ಮಾಡುವವನೇ ಹೆಚ್ಚು ಕಲಿಯುತ್ತಾನೆ. ಇಂಥದಕ್ಕೆ ನಮ್ಮ ಕಾಲೇಜುಗಳಲ್ಲಿ ಹಳೆಯ ಮೇಲ್ಪಂಕ್ತಿಯೂ ಇದೆ: ಎನ್‌ಸಿಸಿ ಹುಡುಗರು ಆಗಸ್ಟ್ 15ಕ್ಕೂ ಜನವರಿ 26ಕ್ಕೂ ಹೆಗಲಿಗೇರಿಸುವ, ಹಾರದಂತೆ ಮಾಡಿದ ‘ಡಿಪಿ’ ರೈಫಲ್ ಮತ್ತು ಬರಿ ಮರದ ಕವಾಯತು ಕೋವಿ.

ಮರ ಮತ್ತು ಮೆರುಗು: ಅಸಲಿ ಎನ್‌ಫೀಲ್ಡುಗಳಿಗೆ ಬಳಸಿದ್ದು ಅಕ್ರೋಟು, ಬೀಚ್, ಬರ್ಚ್. ಭಾರತದಲ್ಲಿ ತಯಾರಾದವುಗಳ ಮುಂಗೈ ಮರ ಸೀಳದಿರಲೆಂದು ಅಡ್ಡ ತಿರುಪೊಂದನ್ನು ಹೆಚ್ಚುವರಿಯಾಗಿ ಹಾಕುತ್ತಿದ್ದರು. ಭಾರತೀಯ ಮಾದರಿಯ ಪ್ರತಿಕೃತಿಯಲ್ಲಿ ಆ ತಿರುಪಿನ ತಲೆ ಕಾಣದಿದ್ದರೆ ಬಲ್ಲವರು ನಗುತ್ತಾರೆ. ಹೆಗ್ಗಡದೇವನಕೋಟೆ, ಹುಣಸೂರಿನ ಕಾಡುಗಳ ಮರಗಳು ತೇಗ, ಬೀಟೆ, ಹೊನ್ನೆ, ಮತ್ತಿ, ನಂದಿ. ಬೀಟೆ ನೋಡಲು ರಾಜಠೀವಿಯದಾದರೂ ಭಾರ ಹೆಚ್ಚು, ಬೆಲೆ ಹೆಚ್ಚು, ಕಡಿಯಲು ಸಾಗಿಸಲು ಅರಣ್ಯ ಇಲಾಖೆಯ ಅನುಮತಿ ಬೇಕು. ಮೈಸೂರಿನ ಕೆತ್ತನೆ ಕೆಲಸದವರಂತೆ ಸಣ್ಣ ತುಂಡುಗಳಲ್ಲಿ, ಕೆನ್ನೆಪಟ್ಟಿಗೋ ಹಿಡಿಯ ತುದಿಗೋ ಬಳಸಿದರೆ ಸಾಕು. ಕೆಡವಿದ ತೊಟ್ಟಿಮನೆಗಳ ತೇಗದ ಕಂಬ, ತೊಲೆಗಳೇ ಉತ್ತಮ. ದಶಕಗಳ ಕಾಲ ಸೂರಿನಡಿ ಒಣಗಿದ ಆ ಮರ ಇನ್ನು ಸೊಟ್ಟಗಾಗುವುದಿಲ್ಲ. ಚೇಗಿನ ಬಣ್ಣವೂ ಹಳೆಯ ಅಕ್ರೋಟಿಗೆ ಸಮೀಪ. ಒಳಗೆ ಮುರಿದುಳಿದ ಮೊಳೆಗಳನ್ನು ಮಾತ್ರ ಮೊದಲೇ ಹುಡುಕಿ ಕೀಳಬೇಕು, ಇಲ್ಲವಾದರೆ ಹತ್ತರಿಯ ಅಲಗು ಹೋಯಿತು.

ಹಿಡಿಗೆ ತುಂಡು ಆರಿಸುವಾಗ ಎಳೆಯ ದಿಕ್ಕು ನೋಡಬೇಕು. ಕೈಹಿಡಿಯುವ ಕುತ್ತಿಗೆಯ ಭಾಗದಲ್ಲಿ ಎಳೆಗಳು ಉದ್ದಕ್ಕೆ ಹರಿಯಬೇಕು. ಅಡ್ಡ ಬಂದರೆ ಕೈಜಾರಿ ಬಿದ್ದ ದಿನವೇ ಎರಡಾಗುತ್ತದೆ. ನಳಿಗೆ ಕೂರುವ ತೊಟ್ಟಿಲನ್ನು ಉಳಿಯಲ್ಲಿ ತೋಡುವಾಗ ಬಡಗಿಗಳದೊಂದು ಉಪಾಯ: ಸಲಾಕೆಗೆ ದೀಪದ ಮಸಿ ಸವರಿ ತೊಟ್ಟಿಲಲ್ಲಿ ಇಟ್ಟು ಎತ್ತುವುದು. ಕಪ್ಪು ಹತ್ತಿದೆಡೆ ಮರ ಇನ್ನೂ ಉಬ್ಬಿದೆ ಎಂದರ್ಥ. ಅಲ್ಲಿ ಮಾತ್ರ ಕೆರೆದು, ಮತ್ತೆ ಮಸಿ ಸವರಿ, ಮತ್ತೆ ಇಡುವುದು. ಉದ್ದಕ್ಕೂ ಒಂದೇ ಸಮ ಕಪ್ಪು ಬರುವವರೆಗೆ ಬಿಡುವಂತಿಲ್ಲ. ಮರಕ್ಕೂ ಲೋಹಕ್ಕೂ ನಡುವೆ ಕಾಗದ ತೂರದ ಈ ಹೊಂದಾಣಿಕೆ ದೂರದಿಂದ ಯಾರಿಗೂ ಕಾಣುವುದಿಲ್ಲ, ಆದರೆ ಕೈಗೆತ್ತಿಕೊಂಡವರಿಗೆ ಕೂಡಲೇ ಗೊತ್ತಾಗುತ್ತದೆ.

ಉಜ್ಜುವ ಕೆಲಸಕ್ಕೆ ಅವಸರ ಕೂಡದು. ಪಾಲಿಶ್ ಕಾಗದ ಒರಟಿನಿಂದ ನಯಕ್ಕೆ ಸಾಗಿ ಮುಗಿದ ಮೇಲೆ ಒದ್ದೆ ಬಟ್ಟೆಯಿಂದ ಒಮ್ಮೆ ಒರಸಿದರೆ ಮಲಗಿದ್ದ ನಾರುಗಳು ಮುಳ್ಳಿನಂತೆ ಎದ್ದು ನಿಲ್ಲುತ್ತವೆ; ಒಣಗಿದ ಮೇಲೆ ಅವನ್ನು ಮತ್ತೆ ಉಜ್ಜಬೇಕು. ಬೀಟೆಯ ದೂಳು ಕೆಲವರಿಗೆ ಚರ್ಮಕ್ಕೂ ಉಸಿರಿಗೂ ಆಗುವುದಿಲ್ಲ, ಮೂಗಿಗೆ ಬಟ್ಟೆ ಕಟ್ಟಿಕೊಳ್ಳುವುದು ಒಳ್ಳೆಯದು. ಸೈನಿಕ ಕೋವಿಗೆ ಸಲ್ಲುವ ಮೆರುಗು ಅಗಸೆಯೆಣ್ಣೆಯದು. ಅಂಗೈಯಿಂದಲೇ ತೆಳುವಾಗಿ ತೀಡಿ, ಉಳಿದದ್ದನ್ನು ಒರಸಿ, ಆರಲು ಬಿಟ್ಟು, ಮತ್ತೆ ತೀಡುವುದು. ತೇಗ, ಬೀಟೆಗಳಲ್ಲಿ ಸಹಜವಾದ ಎಣ್ಣೆಯಂಶ ಇರುವುದರಿಂದ ಅಗಸೆಯೆಣ್ಣೆ ಬೇಗ ಆರದೆ ಅಂಟಂಟಾಗಿ ಉಳಿಯುತ್ತದೆ. ಅಂಥಲ್ಲಿ ಮೊದಲು ಅರಗನ್ನು ಸ್ಪಿರಿಟ್ಟಿನಲ್ಲಿ ಕರಗಿಸಿ ಒಂದು ತೆಳುಪದರ ಹಚ್ಚುವುದು ಬಲ್ಲವರ ಕ್ರಮ. ಮಿರಮಿರ ಮಿಂಚುವ ವಾರ್ನಿಷು ಸೋಫಾಸೆಟ್ಟಿಗೆ ಸರಿ, ಸಿಪಾಯಿಯ ಬಂದೂಕಿಗಲ್ಲ. ಎಣ್ಣೆ ಒರಸಿದ ಚಿಂದಿಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬಾರದು. ಅಗಸೆಯೆಣ್ಣೆ ಆರುವಾಗ ಬಿಸಿಯಾಗಿ ತಾನಾಗಿ ಹೊತ್ತಿಕೊಳ್ಳುವುದುಂಟು. ನೀರಲ್ಲಿ ಅದ್ದಿ, ಹರಡಿ ಒಣಹಾಕಬೇಕು.

ಲೋಹದ ಭಾಗಗಳು ಲೇತ್ ಅಂಗಡಿಯ ಕೆಲಸ: ಅಲ್ಯುಮಿನಿಯಂ ಸಲಾಕೆಯ ನಳಿಗೆ, ಹಿತ್ತಾಳೆಯ ಹಿಡಿತಟ್ಟೆ, ಲೋಹದ ಕೊಳವೆಯ ತುಂಡಿನಲ್ಲಿ ಕೊರೆದ ದೂರದರ್ಶಕದ ಮೈ. ಬಣ್ಣ ಕಡುಗಪ್ಪಾಗಿರಬೇಕು, ಹೊಳೆಯಬಾರದು. ಯುದ್ಧಕಾಲದ ಸ್ನೈಪರ್‌ಗಳು ಹೊಳಪನ್ನು ಮುಚ್ಚಲು ಕೋವಿಗೆ ಗೋಣಿಪಟ್ಟಿ ಸುತ್ತುತ್ತಿದ್ದುದುಂಟು, ಹಲವರು ಪ್ರತಿಕೃತಿಗೂ ಸುತ್ತುತ್ತಾರೆ. ಸವೆತವನ್ನು ಕೃತಕವಾಗಿ ತರುವಾಗ ಕೈ ಸವರುವ ಜಾಗ, ಹೆಗಲಿಗೆ ತಾಗುವ ಅಂಚು, ಬೋಲ್ಟಿನ ಗುಂಡಿ ಇವಿಷ್ಟರಲ್ಲಿ ಮಾತ್ರ ಬಣ್ಣ ಮಾಸಬೇಕು. ಮೈತುಂಬ ಗೀಚಿ ಹಳತು ಮಾಡಿದ್ದು ಹಳತಾಗಿ ಕಾಣದೆ ಗೀಚಿದ್ದಾಗಿಯೇ ಕಾಣುತ್ತದೆ.

ನೋಡಲು ಸಿಗುವೆಡೆಗಳು: ಕೈಯಲ್ಲಿ ಅಳೆಯಲಾಗದಿದ್ದರೂ ಕಣ್ಣಲ್ಲಿ ಅಳೆಯಲು ಹತ್ತಿರದಲ್ಲಿ ಕೆಲವು ಜಾಗಗಳಿವೆ. ಮಡಿಕೇರಿಯಲ್ಲಿ ಜನರಲ್ ತಿಮ್ಮಯ್ಯನವರ ಮನೆ ‘ಸನ್ನಿಸೈಡ್’ 2021ರ ಫೆಬ್ರವರಿಯಲ್ಲಿ ವಸ್ತುಸಂಗ್ರಹಾಲಯವಾಗಿ ತೆರೆಯಿತು. ಸೇನೆ ಬಳಸಿದ ಬಂದೂಕುಗಳು ಒಳಗಿವೆ, ಟ್ಯಾಂಕು ಹೊರಗಿದೆ. ಮೈಸೂರು ಅರಮನೆಯ ಆಯುಧಶಾಲೆಯ ಆಯುಧಗಳು ನವರಾತ್ರಿಯಲ್ಲಿ ಪೂಜೆಗೆ ಇಳಿಯುತ್ತವೆ. ಶ್ರೀರಂಗಪಟ್ಟಣದ ದರಿಯಾದೌಲತ್ತಿನ ಗೋಡೆಗಳ ಮೇಲಿನ ಪೊಳ್ಳಿಲೂರು ಯುದ್ಧದ ಚಿತ್ರದಲ್ಲಿ ಸಾಲುಸಾಲು ಸಿಪಾಯಿಗಳ ಕೋವಿಗಳಿವೆ.

ಕಾಪು ಮತ್ತು ಸಾಗಣೆ: ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕಬಿನಿ ಸೀಮೆಯ ಗಾಳಿಯಲ್ಲಿ ನೀರಿನಂಶ ಹೆಚ್ಚು. ಹಿಡಿಯ ತುದಿಯಲ್ಲಿ, ತಟ್ಟೆಯ ಕೆಳಗೆ ಅಡಗಿರುವ ಕೊಯ್ದ ಮುಖದಿಂದಲೇ ಮರ ತೇವ ಕುಡಿಯುವುದು. ತಟ್ಟೆ ಬಿಚ್ಚಿ ಅಲ್ಲಿಗೆ ಅರಗು ಹಚ್ಚಿ ಮುಚ್ಚಬೇಕು. ಪಡುವಣ ಗೋಡೆಗೆ ತೂಗುಹಾಕಬಾರದು. ಮನೆಯಿಂದ ಹೊರಗೆ ಒಯ್ಯುವುದಾದರೆ ಪೂರ್ತಿ ಮುಚ್ಚುವ ಪೆಟ್ಟಿಗೆಯಲ್ಲಿ, ಲೇತ್ ಅಂಗಡಿಯ ಬಿಲ್ಲು ಮತ್ತು ಕಟ್ಟುವಾಗ ತೆಗೆದ ಫೋಟೊಗಳ ಜೊತೆಗೆ ಒಯ್ಯಬೇಕು. ಬಸ್ಸಿನಲ್ಲೋ ಕಾಡಂಚಿನ ಚೆಕ್‌ಪೋಸ್ಟಿನಲ್ಲೋ ಹತ್ತು ಹೆಜ್ಜೆ ದೂರದಿಂದ ನೋಡುವವರಿಗೆ ನಳಿಗೆ ಗಟ್ಟಿಯೋ ಟೊಳ್ಳೋ ತಿಳಿಯುವುದಿಲ್ಲ. ನಾಗರಹೊಳೆ, ಬಂಡೀಪುರಗಳ ಕಾಡಿನೊಳಗಿನ ದಾರಿಗಳಲ್ಲಿ ಅದನ್ನು ಒಯ್ಯದಿರುವುದೇ ವಾಸಿ. ಮಾರುವಾಗಲೂ ಕೊಡುವಾಗಲೂ ‘ಗುಂಡುಹಾರದ ಪ್ರತಿಕೃತಿ’ ಎಂದು ಬರೆದ ಚೀಟಿ, ಕಟ್ಟಿದವರ ಹೆಸರು, ವರ್ಷ ಅದರೊಂದಿಗೇ ಹೋಗಬೇಕು.